ಕಾನೂನು ಮತ್ತು ವ್ಯವಹಾರ: ಕುದುರಿದ ವ್ಯಾಪಾರಕ್ಕೆ ಅಡ್ಡಗಾಲು ಹಾಕಿದರೆ

ಹಳೆಯ ನಾಣ್ಯ, ಹಳೆಯ ನೋಟು, ಅಂಚೆಚೀಟಿ, ಸಂಸ್ಥಾನಗಳ ಕಾಲದ ಛಾಪಾಕಾಗದ, ಹಿತ್ತಾಳೆಯ ಸೇರು-ಪಾವು ಇವುಗಳನ್ನು ಕೂಡಿಡುವ ಹವ್ಯಾಸ ನಮ್ಮ ವ್ಯಾಪಾರಿ ಮನೆತನಗಳಿಗೆ ಹೊಸದೇನಲ್ಲ. ಹಿಂದೆ ಇಂಥ ವಸ್ತು ಬೇಕಾದವರು ಸೊಲ್ಲಾಪುರಕ್ಕೋ ಪುಣೆಗೋ ಹೋಗಿ, ಪರಿಚಯದ ದಲಾಲರ ಮುಂದೆ ಕುಳಿತು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ, ಬೆಲೆ ಮಾತಾಡಿ ತರುತ್ತಿದ್ದರು. ಈಗ ಆ ವ್ಯಾಪಾರದ ಬಹುಪಾಲು ಮೊಬೈಲಿನ ಮೇಲೆ ನಡೆಯುತ್ತಿದೆ. ಮಾರುವವರ ಮುಖ ಕಾಣದು, ಊರು ತಿಳಿಯದು. ಚಿತ್ರ ನೋಡಿ ಬೆಲೆ ಒಪ್ಪಿ ಹಣ ಕಳಿಸುವುದು ರೂಢಿಯಾಗಿದೆ.

ಅನುಕೂಲ ಬೆಳೆದಂತೆ ತಕರಾರೂ ಬೆಳೆದಿದೆ. ಬೆಲೆ ಗೊತ್ತಾಗಿ, ಮಾತು ಮುಗಿದು, ಕೆಲವೊಮ್ಮೆ ಹಣವೂ ಸಂದಾಯವಾದ ಮೇಲೆ ನಡುವೆ ಯಾರೋ ಬಂದು ವ್ಯವಹಾರ ಕೆಡಿಸುತ್ತಾರೆ. ಹೆಚ್ಚಿನ ಬೆಲೆ ತೋರಿಸಿ ವಸ್ತುವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ, ಇಲ್ಲವೇ ಸುಳ್ಳು ದೂರು ಕೊಟ್ಟು ಮಾರಾಟ ನಿಲ್ಲಿಸುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಕೊಳ್ಳುವವರು ಪರಿತಪಿಸುತ್ತಾರೆ. ಹೋದ ಹಣ ಹೇಗಾದರೂ ಬಂದೀತು; ಹುಡುಕಿ ಹುಡುಕಿ ಸಿಕ್ಕಿದ್ದ ಆ ಒಂದು ವಸ್ತು ಮತ್ತೆ ಸಿಗುವುದು ದುರ್ಲಭ. ಇಂಥ ಸಂದರ್ಭದಲ್ಲಿ ಕಾನೂನು ನಮ್ಮ ನೆರವಿಗೆ ಬರುತ್ತದೆಯೇ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಬರುತ್ತದೆ. ಆದರೆ ಯಾರ ಮೇಲೆ, ಯಾವ ಬಾಗಿಲಿನಲ್ಲಿ, ಎಷ್ಟು ದಿನದೊಳಗೆ ಎಂಬ ಮೂರನ್ನೂ ಮೊದಲು ಗೊತ್ತುಮಾಡಿಕೊಳ್ಳಬೇಕು. ಇಲ್ಲವಾದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ಮಾತು ಮುಗಿದಿತ್ತೇ?

ತಿಳಿವಳಿಕೆಗಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುಣೆಯ ಒಬ್ಬ ವ್ಯಾಪಾರಿ ವಿಜಯನಗರದ ಕಾಲದ ಚಿನ್ನದ ವರಹವೊಂದನ್ನು ಆನ್‌ಲೈನ್ ತಾಣದಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆ. ಜತ್ತದ ಒಬ್ಬ ಸಂಗ್ರಾಹಕರು ಅದನ್ನು 60,000 ರೂಪಾಯಿಗೆ ಕೇಳಿದ್ದಾರೆ. ಅಷ್ಟರಲ್ಲಿ ಮೂರನೆಯವರೊಬ್ಬರು ನಡುವೆ ಬಂದು 80,000 ಕೊಡುತ್ತೇನೆಂದು ವರಹವನ್ನು ಒಯ್ದರು.

ಇಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಒಂದೇ: ಮೂರನೆಯವರು ಬಂದಾಗ ಮೊದಲಿನವರ ಮಾತು ಮುಗಿದಿತ್ತೇ, ಇನ್ನೂ ನಡೆದಿತ್ತೇ?

ವಸ್ತುವಿನ ಚಿತ್ರ, ಬೆಲೆಗಳನ್ನು ತಾಣದಲ್ಲಿ ಹಾಕುವುದು ಸಾಮಾನ್ಯವಾಗಿ ಗಿರಾಕಿಗಳಿಗೆ ಕರೆ ಇದ್ದಂತೆ. ಅಂಗಡಿಯ ಮುಂದೆ ಸರಕು ಜೋಡಿಸಿಟ್ಟ ಮಾತ್ರಕ್ಕೆ ಮಾರಾಟವಾದಂತಾಗುವುದಿಲ್ಲ. ಕೊಳ್ಳುವವರು ಇಂತಿಷ್ಟಕ್ಕೆ ಕೇಳುವುದು ಪ್ರಸ್ತಾಪ. ಮಾರುವವರು ಒಪ್ಪಿದಾಗ ಅದು ಕರಾರು. 1872ರ ಭಾರತೀಯ ಕರಾರು ಕಾಯಿದೆಯ ಈ ಮೂಲಸೂತ್ರ ಮೊಬೈಲಿನ ಕಾಲದಲ್ಲಿಯೂ ಬದಲಾಗಿಲ್ಲ. ವಿದ್ಯುನ್ಮಾನ ಸಂದೇಶಗಳ ಮೂಲಕ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 10-ಎ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ‘ಕಾಗದದ ಮೇಲೆ ಸಹಿ ಎಲ್ಲಿದೆ?’ ಎಂದು ಮಾರುವವರು ಕೈತೊಳೆದುಕೊಳ್ಳುವಂತಿಲ್ಲ. ವಾಟ್ಸಾಪಿನಲ್ಲಿ ‘ಆಯಿತು, 60,000ಕ್ಕೆ ನಿಮಗೇ, ಹಣ ಕಳಿಸಿರಿ’ ಎಂದು ಬರೆದಿದ್ದರೆ ಸಾಕು.

ಹರಾಜಿನ ವಿಷಯ ಸ್ವಲ್ಪ ಬೇರೆ. 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನ ಪ್ರಕಾರ ಸುತ್ತಿಗೆ ಬಿದ್ದಾಗ ಅಥವಾ ರೂಢಿಯ ಬೇರೆ ರೀತಿಯಲ್ಲಿ ಮುಕ್ತಾಯ ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಸವಾಲು ಕೂಗಿದ ಯಾರಾದರೂ ತಮ್ಮ ಸವಾಲನ್ನು ಹಿಂತೆಗೆದುಕೊಳ್ಳಬಹುದು. ಆನ್‌ಲೈನ್ ಹರಾಜಿನಲ್ಲಿ ಹೊತ್ತು ಮುಗಿದಾಗ ಏನಾಗುತ್ತದೆ ಎಂಬುದು ಆ ತಾಣದ ಷರತ್ತುಗಳಲ್ಲಿರುತ್ತದೆ. ಯಾರೂ ಓದದ ಆ ಷರತ್ತುಗಳೇ ನಾಳೆ ನ್ಯಾಯಾಲಯದಲ್ಲಿ ಮೊದಲು ಓದಲ್ಪಡುತ್ತವೆ. ವಸ್ತು ರವಾನೆಯಾಗುವ ಮುಂಚೆ ಮಾರುವವರು ವ್ಯವಹಾರ ರದ್ದುಪಡಿಸಬಹುದೆಂದು ಅಲ್ಲಿ ಬರೆದಿದ್ದರೆ, ಅವರು ಹಿಂದೆ ಸರಿದದ್ದು ಕರಾರು ಭಂಗವೇ ಆಗದಿರಬಹುದು.

ಮಾತು ಮುಗಿಯುವ ಮುಂಚೆ ಮೂರನೆಯವರು ಹೆಚ್ಚಿಗೆ ಕೇಳಿ ಒಯ್ದಿದ್ದರೆ ಅದು ಸ್ಪರ್ಧೆ. ಅದಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ಪೇಟೆಯಲ್ಲಿ ಕುಳಿತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಮಾತು ಮುಗಿದ ಮೇಲೆ, ಅದು ಮುಗಿದಿದೆಯೆಂದು ತಿಳಿದೂ ತಿಳಿದೂ ಬಂದು ಮುರಿಸಿದರೆ ಮಾತ್ರ ಕಾನೂನು ಕಣ್ಣು ತೆರೆಯುತ್ತದೆ.

ಮುರಿಸಿದವರ ಹೊಣೆ

ಕರಾರು ಆದದ್ದು ಇಬ್ಬರ ನಡುವೆ. ಹಾಗಿರುವಾಗ ಮೂರನೆಯವರನ್ನು ನ್ಯಾಯಾಲಯಕ್ಕೆ ಎಳೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1853ರಲ್ಲಿ, ಲಂಡನ್ನಿನ ಒಂದು ಮೊಕದ್ದಮೆಯಲ್ಲಿ. ಯೊಹಾನಾ ವ್ಯಾಗ್ನರ್ ಎಂಬ ಪ್ರಸಿದ್ಧ ಗಾಯಕಿ ಲಮ್ಲಿ ಎಂಬವರ ರಂಗಮಂದಿರದಲ್ಲಿ ಮಾತ್ರ ಹಾಡುವುದಾಗಿ ಕರಾರು ಮಾಡಿಕೊಂಡಿದ್ದರು. ಎದುರು ರಂಗಮಂದಿರದ ಗೈ ಎಂಬವರು ಹೆಚ್ಚು ಹಣದ ಆಸೆ ತೋರಿಸಿ ಆಕೆಯನ್ನು ತಮ್ಮ ಕಡೆಗೆ ಸೆಳೆದರು. ಕರಾರು ಇದೆಯೆಂದು ತಿಳಿದೂ ಅದನ್ನು ಮುರಿಯಲು ಪ್ರೇರೇಪಿಸಿದವರು ತಾವೇ ನಷ್ಟಕ್ಕೆ ಹೊಣೆಯೆಂದು ನ್ಯಾಯಾಧೀಶರ ಬಹುಮತ ತೀರ್ಮಾನಿಸಿತು. ಇಂಗ್ಲೆಂಡಿನ ಲಾರ್ಡ್ಸ್ ಸಭೆ 2007ರಲ್ಲಿ ಈ ತತ್ತ್ವವನ್ನು ಮತ್ತೆ ಪರಿಶೀಲಿಸಿ, ಅದರ ಎಲ್ಲೆಗಳನ್ನು ಸ್ಪಷ್ಟಪಡಿಸಿತು.

ನಮ್ಮ ದೇಶದ ಕಾನೂನೂ ಇದನ್ನು ಒಪ್ಪಿದೆ. ಕರಾರು ಮುರಿಯಲು ಪ್ರೇರೇಪಿಸಿದ್ದಕ್ಕಾಗಿ ಪರಿಹಾರ ಕೇಳುವ ದಾವೆಗೆ 1963ರ ಕಾಲಮಿತಿ ಕಾಯಿದೆಯ 78ನೆಯ ಬಾಬಿನಲ್ಲಿ ಪ್ರತ್ಯೇಕ ಅವಧಿಯನ್ನೇ ಗೊತ್ತುಪಡಿಸಲಾಗಿದೆ.

ಇಂಥ ದಾವೆಯಲ್ಲಿ ಸಿದ್ಧಪಡಿಸಬೇಕಾದ ಸಂಗತಿಗಳು ನಾಲ್ಕು. ಒಂದು, ಸಿಂಧುವಾದ ಕರಾರು ಇತ್ತು. ಎರಡು, ಮೂರನೆಯವರಿಗೆ ಅದು ತಿಳಿದಿತ್ತು. ಮೂರು, ಅವರು ಬೇಕೆಂದೇ ಅದನ್ನು ಮುರಿಸಿದರು. ನಾಲ್ಕು, ಕರಾರು ನಿಜವಾಗಿಯೂ ಮುರಿದು ನಮಗೆ ನಷ್ಟವಾಯಿತು. ಇವುಗಳಲ್ಲಿ ಕಷ್ಟದ್ದು ಎರಡನೆಯದು. ‘ನನಗೆ ಗೊತ್ತೇ ಇರಲಿಲ್ಲ, ನಾನು ಕೇಳಿದೆ, ಅವರು ಕೊಟ್ಟರು’ ಎಂದು ಮೂರನೆಯವರು ಹೇಳುವುದು ಸಹಜ. ಅದಕ್ಕಾಗಿಯೇ ನಾವು ಹೇಳುವುದಿಷ್ಟು: ಬೆಲೆ ಗೊತ್ತಾದ ಕೂಡಲೇ ತಾಣದಲ್ಲಿ ‘ಮಾರಾಟವಾಗಿದೆ’ ಎಂದು ತೋರಿಸುವಂತೆ ಮಾರುವವರನ್ನು ಕೇಳಿಕೊಳ್ಳಿರಿ. ಮೂರನೆಯವರು ಯಾರೆಂದು ತಿಳಿದುಬಂದರೆ ತಡಮಾಡದೆ ಅವರಿಗೆ ಒಂದು ಸಭ್ಯವಾದ ಸಂದೇಶ ಕಳಿಸಿರಿ: ‘ಈ ವಸ್ತು ಇಂಥ ದಿನ ಇಂತಿಷ್ಟಕ್ಕೆ ನಮಗೆ ಮಾರಾಟವಾಗಿದೆ; ದಯವಿಟ್ಟು ನಡುವೆ ಬರಬಾರದು.’ ಆ ಸಂದೇಶ ತಲಪಿದ ಮೇಲೂ ಅವರು ಮುಂದುವರಿದರೆ ‘ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಹಣವೋ, ವಸ್ತುವೋ?

ಕರಾರು ಮುರಿದ ಮಾರಾಟಗಾರರಿಂದ ನಷ್ಟಪರಿಹಾರ ಪಡೆಯುವುದು ಸಾಮಾನ್ಯ ದಾರಿ. ಅದೇ ತರದ ವರಹ ಪೇಟೆಯಲ್ಲಿ 75,000ಕ್ಕೆ ಸಿಗುವಂತಿದ್ದರೆ, ಒಪ್ಪಿದ ಬೆಲೆಗೂ ಅದಕ್ಕೂ ಇರುವ ಅಂತರ 15,000 ರೂಪಾಯಿ ನಮ್ಮ ನಷ್ಟ. ಕೊಟ್ಟ ಹಣ ವಾಪಸು ಬರಬೇಕಾದದ್ದು ಬೇರೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಗೆ ಆದ ತಿದ್ದುಪಡಿ 2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಅದರಂತೆ ಇನ್ನೊಂದು ಅನುಕೂಲವೂ ಇದೆ. 30 ದಿನಕ್ಕೆ ಕಡಿಮೆಯಿಲ್ಲದ ಲಿಖಿತ ನೋಟೀಸು ಕೊಟ್ಟು, ಆಗಲೂ ಅವರು ವಸ್ತು ಕೊಡದಿದ್ದರೆ ಬೇರೆಯವರಿಂದ ಅಂಥದ್ದನ್ನು ಕೊಂಡು, ತಗುಲಿದ ಖರ್ಚನ್ನು ಅವರಿಂದ ವಸೂಲು ಮಾಡಬಹುದು. ಆದರೆ ಹಾಗೆ ಮಾಡಿದ ಮೇಲೆ ಮೂಲ ವಸ್ತುವೇ ಬೇಕೆಂದು ಹಟ ಹಿಡಿಯುವಂತಿಲ್ಲ.

ಸಂಗ್ರಾಹಕರಿಗೆ ಬೇಕಾದದ್ದು ಅನೇಕ ಸಲ ಹಣವಲ್ಲ, ಆ ವಸ್ತುವೇ. ಇಲ್ಲಿ ವಸ್ತುವಿನ ಜಾತಿ ನೋಡಬೇಕು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ವರ್ಷದ ನೆನಪಿಗೆ 1974ರಲ್ಲಿ ಬಂದ 25 ಪೈಸೆಯ ಪಾವಾಪುರಿ ಚೀಟಿ, 1981ರ ಮಹಾಮಸ್ತಕಾಭಿಷೇಕದ ಸಮಯದ ಗೊಮ್ಮಟೇಶ್ವರ ಚೀಟಿ, 2001ರ 5 ರೂಪಾಯಿಯ ಮಹಾವೀರ ನಾಣ್ಯ ಇವು ನಮಗೆಲ್ಲ ಪ್ರೀತಿಯ ವಸ್ತುಗಳು ನಿಜ. ಆದರೆ ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಇಂಥವುಗಳಿಗಾಗಿ ದಾವೆ ಹೂಡುವುದು ವಕೀಲರ ಮನೆ ಬೆಳಗಿಸಿದಂತೆ. ಅಚ್ಚಿನಲ್ಲಿ ದೋಷವಿರುವ ಒಂದೇ ಒಂದು ಚೀಟಿ, ಎರಡನೆಯದು ಸಿಗದ ನಾಣ್ಯ, ನಮ್ಮದೇ ಮನೆತನದ ಹೆಸರು ಕೊರೆದ ಹಳೆಯ ಮುದ್ರೆ ಇವುಗಳ ಮಾತು ಬೇರೆ. ಗೊತ್ತುಪಡಿಸಿದ ನಿರ್ದಿಷ್ಟ ವಸ್ತುವನ್ನೇ ಕೊಡಿಸುವ ಅಧಿಕಾರ ಸರಕು ಮಾರಾಟ ಕಾಯಿದೆಯ 58ನೆಯ ಕಲಮಿನಲ್ಲಿ ನ್ಯಾಯಾಲಯಕ್ಕಿದೆ.

ಇದಕ್ಕೆ ಆಸ್ಟ್ರೇಲಿಯಾದ ಒಂದು ತೀರ್ಪು ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದ ‘ವಿರಾವೇ’ ಎಂಬ ವಿಮಾನವೊಂದನ್ನು ಈಬೇ ತಾಣದಲ್ಲಿ ಹರಾಜಿಗೆ ಇಡಲಾಗಿತ್ತು. ಒಬ್ಬರು 1,50,000 ಆಸ್ಟ್ರೇಲಿಯನ್ ಡಾಲರಿನ ಸವಾಲು ಹಾಕಿ ಗೆದ್ದರು. ಮಾರುವವರೋ ಬೇರೊಬ್ಬರೊಂದಿಗೆ ಒಂದು ಲಕ್ಷ ಡಾಲರು ಹೆಚ್ಚಿಗೆ ಮಾತಾಡಿಕೊಂಡು ವಿಮಾನ ಕೊಡಲು ನಿರಾಕರಿಸಿದರು. 2007ರಲ್ಲಿ ನ್ಯೂ ಸೌತ್ ವೇಲ್ಸಿನ ಸುಪ್ರೀಂ ಕೋರ್ಟು ಆನ್‌ಲೈನ್ ಹರಾಜೂ ಬದ್ಧವಾದ ಕರಾರೇ ಎಂದು ಹೇಳಿ, ಮೊದಲಿನ ಬೆಲೆಗೆ ವಿಮಾನವನ್ನೇ ಒಪ್ಪಿಸುವಂತೆ ಆಜ್ಞೆ ಮಾಡಿತು. ವಿದೇಶದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕದು. ಆದರೂ ಅದರ ವಿಚಾರಸರಣಿ ವಕೀಲರಿಗೆ ಉಪಯುಕ್ತ.

ವಸ್ತು ಆಗಲೇ ಮೂರನೆಯವರ ಕೈ ಸೇರಿದ್ದರೆ? ನಿರ್ದಿಷ್ಟ ಪರಿಹಾರ ಕಾಯಿದೆಯ 19ನೆಯ ಕಲಮು ಇದಕ್ಕೆ ಉತ್ತರ ಕೊಡುತ್ತದೆ. ಮೊದಲಿನ ಕರಾರಿನ ಸುದ್ದಿ ತಿಳಿಯದೆ, ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರನ್ನು ಕಾನೂನು ಕಾಯುತ್ತದೆ. ತಿಳಿದೂ ಕೊಂಡವರ ವಿರುದ್ಧ ಆಜ್ಞೆ ಮಾಡಬಹುದು. ಮೇಲೆ ಹೇಳಿದ ಒಂದು ಸಾಲಿನ ಸಂದೇಶದ ಬೆಲೆ ಇಲ್ಲಿಯೂ ಕಾಣುತ್ತದೆ. ವಸ್ತು ಕೈಬದಲಾಗುವ ಭಯವಿದ್ದರೆ ದಾವೆಯೊಂದಿಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಬೇಕು. ಒಮ್ಮೆ ಹತ್ತು ಕೈ ದಾಟಿದ ನಾಣ್ಯವನ್ನು ಹುಡುಕುವುದು ಸಂತೆಯಲ್ಲಿ ಕಳೆದ ಸೂಜಿಯನ್ನು ಹುಡುಕಿದಂತೆ.

ಒಂದು ಎಚ್ಚರಿಕೆಯ ಮಾತು. 1859ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಚೀನಾ ಜಾಡಿಗಳ ವ್ಯಾಜ್ಯ ನಡೆಯಿತು. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಒಬ್ಬ ಮಹಿಳೆಯಿಂದ ಅವುಗಳನ್ನು 40 ಪೌಂಡಿಗೆ ಮಾತಾಡಿದ್ದರು. ಆಕೆಗೆ ಬೆಲೆಯ ಬಗ್ಗೆ ಸಂಶಯ ಬಂದು ಇನ್ನೊಬ್ಬ ವ್ಯಾಪಾರಿಯನ್ನು ಕೇಳಿದಾಗ ಅವರು 200 ಪೌಂಡ್ ಕೊಟ್ಟು ಜಾಡಿಗಳನ್ನು ಒಯ್ದರು. ಇಂಥ ಅಪೂರ್ವ ವಸ್ತುಗಳ ಕರಾರನ್ನು ನ್ಯಾಯಾಲಯ ಪಾಲಿಸುವಂತೆ ಮಾಡಬಹುದೆಂದು ನ್ಯಾಯಾಧೀಶರು ಒಪ್ಪಿದರು. ಆದರೆ ಬೆಲೆ ಅರಿತ ವ್ಯಾಪಾರಿ ಅರಿಯದವರಿಂದ ತೀರ ಕಡಿಮೆಗೆ ಕೊಳ್ಳಹೊರಟದ್ದನ್ನು ಕಂಡು ಜಾಡಿಗಳನ್ನು ಕೊಡಿಸಲು ನಿರಾಕರಿಸಿದರು. ನಮ್ಮ ಕರಾರು ಕಾಯಿದೆಯ 25ನೆಯ ಕಲಮಿನ ವಿವರಣೆಯೂ, ಬೆಲೆ ಕಡಿಮೆ ಎಂಬಷ್ಟಕ್ಕೇ ಕರಾರು ಅಸಿಂಧುವಾಗದಿದ್ದರೂ, ಒಪ್ಪಿಗೆ ಮುಕ್ತವಾಗಿತ್ತೇ ಎಂದು ನೋಡುವಾಗ ಅದನ್ನು ಗಮನಿಸಬಹುದೆನ್ನುತ್ತದೆ. ನ್ಯಾಯ ಕೇಳಲು ಹೋಗುವವರ ವ್ಯವಹಾರವೂ ನೇರವಾಗಿರಬೇಕು.

ಸುಳ್ಳು ಸವಾಲು, ಸುಳ್ಳು ದೂರು, ಸುಳ್ಳು ಹೆಸರು

ವ್ಯವಹಾರ ಕೆಡಿಸುವವರೆಲ್ಲ ಹೆಚ್ಚಿನ ಬೆಲೆ ಕೊಡುವವರೇ ಆಗಿರುವುದಿಲ್ಲ. ಕೆಲವು ಹರಾಜುಗಳಲ್ಲಿ ಮಾರುವವರೇ ಬೇರೆ ಬೇರೆ ಹೆಸರಿನಲ್ಲಿ ಸವಾಲು ಹಾಕಿ ಬೆಲೆ ಏರಿಸುತ್ತಾರೆ. 2000ದಲ್ಲಿ ಅಮೆರಿಕದಲ್ಲಿ ಪ್ರಸಿದ್ಧ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ ಅವರದೆಂದು ಭಾಸವಾಗುವಂತೆ ಇಟ್ಟ ಚಿತ್ರವೊಂದಕ್ಕೆ ಈಬೇಯಲ್ಲಿ 1,35,805 ಡಾಲರಿನ ಸವಾಲು ಬಂದಿತ್ತು. ಮಾರುವವರು ತಾವೇ ಸವಾಲು ಹಾಕಿದ್ದರೆಂದು ತಿಳಿದು ತಾಣವು ಮಾರಾಟವನ್ನು ರದ್ದುಪಡಿಸಿತು. ಮುಂದೆ ಅದು ಕ್ರಿಮಿನಲ್ ಮೊಕದ್ದಮೆಯೂ ಆಯಿತು. ನಮ್ಮಲ್ಲಿ ಮಾರುವವರು ಸವಾಲಿನ ಹಕ್ಕನ್ನು ಮೊದಲೇ ಸಾರಿ ಉಳಿಸಿಕೊಳ್ಳದೆ ತಾವು ಸವಾಲು ಹಾಕುವುದು ಅಥವಾ ಬೇರೆಯವರಿಂದ ಹಾಕಿಸುವುದು 64ನೆಯ ಕಲಮಿನಂತೆ ಕಾನೂನುಬಾಹಿರ. ಕೊಂಡವರು ಅಂಥ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ಸೋಗಿನ ಸವಾಲಿನಿಂದ ಬೆಲೆ ಏರಿದ್ದರೆ ಮಾರಾಟವನ್ನೇ ತಳ್ಳಿಹಾಕಬಹುದು.

ಇನ್ನು ಕೆಲವರು ‘ಈ ನಾಣ್ಯ ಕದ್ದದ್ದು’ ಎಂದೋ ‘ಈ ಗಿರಾಕಿ ಹಣ ಕೊಡುವವರಲ್ಲ’ ಎಂದೋ ಸುಳ್ಳು ಹೇಳಿ ಮಾರಾಟ ನಿಲ್ಲಿಸುತ್ತಾರೆ. ಹೆಸರಿಗೆ ಧಕ್ಕೆ ತರುವ ಸುಳ್ಳಿಗೆ ಮಾನನಷ್ಟದ ದಾವೆಯಿದೆ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿ ಅದು ಅಪರಾಧವೂ ಹೌದು. ಆದರೆ ನಿಜವಾದ ಸಂಶಯದಿಂದ, ಒಳ್ಳೆಯ ಮನಸ್ಸಿನಿಂದ ದೂರು ಕೊಟ್ಟವರನ್ನು ಈ ಸಾಲಿಗೆ ಸೇರಿಸಬಾರದು.

ಅತಿ ಕೆಟ್ಟದ್ದು ಸುಳ್ಳು ಹೆಸರಿನ ಆಟ. ನಡುವೆ ನುಗ್ಗಿದ ವಂಚಕರು ಮಾರುವವರ ಹೆಸರಿನಲ್ಲಿ ಸಂದೇಶ ಕಳಿಸಿ ‘ಖಾತೆ ಬದಲಾಗಿದೆ, ಇದಕ್ಕೆ ಹಣ ಹಾಕಿರಿ’ ಎನ್ನುತ್ತಾರೆ. ಹಳೆಯ ನಾಣ್ಯ-ನೋಟುಗಳ ಆನ್‌ಲೈನ್ ವ್ಯವಹಾರದಲ್ಲಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿದ್ದಾರೆಂದು, ತಾನು ಇಂಥ ವ್ಯವಹಾರ ಮಾಡುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟೂ ಇಲ್ಲವೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಇಂಥದ್ದಕ್ಕೆ ಸಿಲುಕಿದರೆ ದಾವೆ, ನೋಟೀಸು ಎಂದು ಕೂಡದೆ ಆ ಕ್ಷಣವೇ 1930 ಸಂಖ್ಯೆಗೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗೆ ಹರಿದುಹೋಗುವ ಮುಂಚೆ ತಡೆಹಿಡಿಯಲು ಅದೊಂದೇ ದಾರಿ. ಬೇರೆಯವರ ಪಾಸ್‌ವರ್ಡ್, ಗುರುತು ಬಳಸುವುದಕ್ಕೂ ಸೋಗು ಹಾಕಿ ವಂಚಿಸುವುದಕ್ಕೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 66-ಸಿ, 66-ಡಿ ಕಲಮುಗಳಲ್ಲಿ 3 ವರ್ಷದವರೆಗೆ ಸಜೆಯಿದೆ. ವಂಚಿಸಿ ಹಣ ಪಡೆದದ್ದಕ್ಕೆ ನ್ಯಾಯ ಸಂಹಿತೆಯ 318ನೆಯ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ನಮ್ಮೂರಿನ ಠಾಣೆಯಲ್ಲಿಯೇ ಮಾಹಿತಿ ಕೊಡಬಹುದು. ‘ಅದು ನಮ್ಮ ರಾಜ್ಯದ್ದಲ್ಲ’ ಎಂಬ ಮಾತನ್ನು ಗಡಿಭಾಗದ ನಾವು ಕೇಳಿಕೊಂಡು ಬರಬೇಕಾಗಿಲ್ಲ.

ಆದರೆ ಮಾತಿಗೆ ತಪ್ಪಿದವರನ್ನೆಲ್ಲ ಪೊಲೀಸರಿಂದ ಹೆದರಿಸಬಹುದೆಂದು ತಿಳಿಯಬಾರದು. ಬರಿಯ ಕರಾರು ಭಂಗ ವಂಚನೆಯಲ್ಲ; ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ ಮಾತ್ರ ಅದು ವಂಚನೆ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಸ್ಪಷ್ಟವಾಗಿ ಹೇಳಿದೆ.

ಗ್ರಾಹಕರ ಬಾಗಿಲು

ಸ್ವಂತ ಸಂಗ್ರಹಕ್ಕಾಗಿ ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹತ್ತಿರದ ದಾರಿ. ಮಾರುವ ವ್ಯಾಪಾರಿ ಹಾಗೂ ತಾಣದ ವಿರುದ್ಧ, ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಜತ್ತದವರು ಸಾಂಗಲಿಯಲ್ಲಿ, ಅಕ್ಕಲಕೋಟೆಯವರು ಸೊಲ್ಲಾಪುರದಲ್ಲಿ, ಮಂಜೇಶ್ವರದವರು ಕಾಸರಗೋಡಿನಲ್ಲಿ ಕೊಟ್ಟರೆ ಸಾಕು. ಮಾರುವವರ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. 1915 ಸಂಖ್ಯೆಯ ಸಹಾಯವಾಣಿಯಿದೆ. 2025ರಿಂದ ಇ-ಜಾಗೃತಿ ಎಂಬ ಸರ್ಕಾರಿ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ವ್ಯವಸ್ಥೆಯೂ ಇದೆ. ಅದಕ್ಕೂ ಮುಂಚೆ ತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ವಾಣಿಜ್ಯ ನಿಯಮಗಳಂತೆ ಅವರು 48 ಗಂಟೆಯೊಳಗೆ ದೂರು ತಲಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಈ ಬಾಗಿಲಿಗೆ ಮೂರು ಮಿತಿಗಳಿವೆ. ಅಂಗಡಿಯಲ್ಲಿಟ್ಟು ಮಾರುವುದಕ್ಕಾಗಿ ಕೊಂಡವರು ಕಾನೂನಿನ ದೃಷ್ಟಿಯಲ್ಲಿ ಗ್ರಾಹಕರಲ್ಲ. ವ್ಯಾಪಾರಿ ಮನೆತನದವರಾದ ನಾವು ಇದನ್ನು ಮರೆಯಬಾರದು. ಅಂಗಡಿಯ ಲೆಕ್ಕದಿಂದ ಹಣ ಕೊಟ್ಟು, ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿ, ಆಮೇಲೆ ಮನೆಯ ಹವ್ಯಾಸಕ್ಕೆಂದರೆ ಯಾರೂ ನಂಬುವುದಿಲ್ಲ. ಎರಡನೆಯದಾಗಿ, ಮನೆಯ ಹಳೆಯ ವಸ್ತುವನ್ನು ವ್ಯಾಪಾರದ ಉದ್ದೇಶವಿಲ್ಲದೆ ಒಮ್ಮೆ ಮಾರಿದ ಖಾಸಗಿ ವ್ಯಕ್ತಿಗೆ ಇ-ವಾಣಿಜ್ಯ ನಿಯಮಗಳು ಅನ್ವಯಿಸವು. ಮೂರನೆಯದಾಗಿ, ನಡುವೆ ಬಂದು ಮುರಿಸಿದ ಮೂರನೆಯವರು ನಮಗೆ ಏನನ್ನೂ ಮಾರಿದವರಲ್ಲ. ಅವರ ಮೇಲಿನ ತಕರಾರು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು.

ಸಿವಿಲ್ ದಾವೆ ಎಲ್ಲಿ? ಎದುರುದಾರರು ವಾಸಿಸುವ ಊರಿನಲ್ಲಿ, ಅಥವಾ ವ್ಯವಹಾರದ ಒಂದು ಭಾಗವಾದರೂ ನಡೆದ ಊರಿನಲ್ಲಿ. ಅಹಮದಾಬಾದಿನ ವ್ಯಾಪಾರಿಗಳೂ ಖಾಮಗಾಂವದ ಗಿರಣಿಯವರೂ ಹತ್ತಿಕಾಳಿನ ಹಿಂಡಿಗಾಗಿ ಫೋನಿನ ಮೇಲೆ ಮಾತು ಮುಗಿಸಿದ್ದ ಪ್ರಕರಣದಲ್ಲಿ, ಒಪ್ಪಿಗೆಯ ಮಾತು ಕೇಳಿಸಿದ ಊರಿನಲ್ಲಿ ಕರಾರು ಆಯಿತೆಂದು ಸುಪ್ರೀಂ ಕೋರ್ಟಿನ ಬಹುಮತ 1966ರಲ್ಲಿ ತೀರ್ಮಾನಿಸಿತು. ಮಾರುವವರ ಒಪ್ಪಿಗೆ ನಮ್ಮ ಮೊಬೈಲಿಗೆ ಬಂದು ತಲಪಿದ್ದರೆ ನಮ್ಮೂರಿನ ನ್ಯಾಯಾಲಯವನ್ನು ಕೇಳಲು ಈ ತೀರ್ಪು ಆಧಾರವಾಗುತ್ತದೆ. ತಾಣದ ಷರತ್ತಿನಲ್ಲಿ ಇಂಥ ಊರಿನ ನ್ಯಾಯಾಲಯ ಮಾತ್ರ ಎಂದು ಬರೆದಿದೆಯೇ ಎಂಬುದನ್ನು ವಕೀಲರಿಗೆ ಮೊದಲೇ ತೋರಿಸಿರಿ.

ಗಡಿಯಾರ ನಿಲ್ಲುವುದಿಲ್ಲ

ಈ ಲೇಖನದಲ್ಲಿ ಓದುಗರು ನೆನಪಿಡಬೇಕಾದದ್ದು ಒಂದೇ ಆದರೆ ಅದು ಈ ಲೆಕ್ಕ. ಮಾರುವವರ ಮೇಲೆ ಕರಾರು ಭಂಗದ ದಾವೆಗೆ 3 ವರ್ಷ. ಗ್ರಾಹಕ ಆಯೋಗಕ್ಕೆ 2 ವರ್ಷ. ಕರಾರು ಮುರಿಸಿದ ಮೂರನೆಯವರ ಮೇಲೆ ಕರಾರು ಮುರಿದ ದಿನದಿಂದ ಕೇವಲ 1 ವರ್ಷ, ಮಾನನಷ್ಟಕ್ಕೂ ಅಷ್ಟೇ. ‘ನೋಡೋಣ, ಅವರೇ ಸರಿಪಡಿಸಿಯಾರು’ ಎಂದು ಕಾಯುತ್ತ ಕುಳಿತರೆ ನಿಜವಾಗಿ ತಪ್ಪು ಮಾಡಿದವರು ಮೊದಲು ಪಾರಾಗುತ್ತಾರೆ. ನೋಟೀಸು ಕೊಟ್ಟ ಮಾತ್ರಕ್ಕೆ ಈ ಅವಧಿ ಬೆಳೆಯುವುದಿಲ್ಲ.

ಪುರಾವೆಯ ವಿಷಯದಲ್ಲಿ ನಮ್ಮ ಹಿರಿಯರ ವಹಿ ಬರೆಯುವ ಶಿಸ್ತು ಇಲ್ಲಿ ಕೆಲಸಕ್ಕೆ ಬರುತ್ತದೆ. ವಸ್ತುವಿನ ಜಾಹೀರಾತು, ಬೆಲೆಯ ಮಾತುಕತೆ, ಒಪ್ಪಿಗೆಯ ಸಂದೇಶ, ಹಣ ಕಳಿಸಿದ ರಸೀದಿ, ತಾಣದ ಅಂದಿನ ಷರತ್ತುಗಳು ಎಲ್ಲವನ್ನೂ ತಾರೀಖು ಕಾಣುವಂತೆ ಉಳಿಸಿರಿ. ಮೂಲ ಸಂದೇಶಗಳನ್ನು ಅಳಿಸಬಾರದು, ಆ ಮೊಬೈಲನ್ನು ಮಾರಬಾರದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇವುಗಳ ಪ್ರತಿಗಳ ಜೊತೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ಒಂದು ಭಾಗವನ್ನು ಪಕ್ಷಗಾರರೂ ಇನ್ನೊಂದನ್ನು ತಜ್ಞರೂ ತುಂಬಿ ಸಹಿ ಮಾಡಬೇಕು.

ಕೊನೆಯದಾಗಿ, ಕೊಳ್ಳುವ ವಸ್ತುವೇ ಕಾನೂನಿಗೆ ವಿರುದ್ಧವಾಗಿದ್ದರೆ ಯಾವ ನ್ಯಾಯಾಲಯವೂ ನೆರವಾಗದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ 100 ವರ್ಷಕ್ಕಿಂತ ಹಳೆಯ ನಾಣ್ಯ, ವಿಗ್ರಹ, ಚಿತ್ರಗಳು ಪ್ರಾಚ್ಯವಸ್ತುಗಳು. ಐತಿಹಾಸಿಕ ಮಹತ್ವದ ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ನಮ್ಮ ಉದಾಹರಣೆಯ ವರಹವೂ ಈ ಸಾಲಿನದೇ. ಪುಣೆಯ ವ್ಯಾಪಾರಿಯ ಪರವಾನಗಿಯನ್ನು ಹಣ ಕಳಿಸುವ ಮುಂಚೆಯೇ ಕೇಳಬೇಕಾಗಿತ್ತು. ನೆಲದಲ್ಲಿ ಸಿಕ್ಕಿದ ನಿಧಿಯನ್ನು 1878ರ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ಹಳೆಯ ಜಿನಬಿಂಬ, ತಾಡವೋಲೆಗಳು ಆನ್‌ಲೈನಿನಲ್ಲಿ ಕಂಡರೆ ಎಲ್ಲಿಂದ ಬಂದವೆಂದು ವಿಚಾರಿಸದೆ ಕೈಹಾಕಬೇಡಿರಿ. ಯಾವುದೋ ಊರಿನ ಬಸದಿ ಅವುಗಳನ್ನು ಹುಡುಕುತ್ತಿರಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಪ್ರತಿಯೊಂದು ತಕರಾರೂ ಕಟಕಟೆ ಹತ್ತಬೇಕೆಂದು ನಾವು ಹೇಳುವುದಿಲ್ಲ. 2,000 ರೂಪಾಯಿಯ ಚೀಟಿಗೆ ತಾಣಕ್ಕೆ ಒಂದು ದೂರು ಸಾಕು. ಮತ್ತೆ ಸಿಗದ ವಸ್ತುವಾದರೆ ಆ ವಾರದಲ್ಲಿಯೇ ವಕೀಲರನ್ನು ಕಾಣಿರಿ. ಎರಡಕ್ಕೂ ಬೇಕಾದದ್ದು ಮಾತು ಮುಗಿದ ದಿನವೇ ಬರೆದಿಟ್ಟ ನಾಲ್ಕು ಸಾಲು: ವಸ್ತು ಯಾವುದು, ಬೆಲೆ ಎಷ್ಟು, ಯಾವಾಗ ಕೊಡುವುದು, ಒಪ್ಪಿದವರು ಯಾರು. ಮಕ್ಕಳ ಕೈಗೆ ಮೊಬೈಲು ಕೊಟ್ಟು ಕೊಳ್ಳಲು ಹೇಳುವ ಹಿರಿಯರು ಈ ನಾಲ್ಕು ಸಾಲು ಬರೆಯುವುದನ್ನೂ ಕಲಿಸಿಕೊಡಲಿ.